ಒಂದೂಕಾಲು ಲೀಟರ್ ಉಸಿರು

ಮೊದಲ ದಿನ ಅವರು ಯಂತ್ರವನ್ನು ಊದಲಿಲ್ಲ, ಸೇದಿದರು.

ಮೂಗಿಗೆ ಕ್ಲಿಪ್ಪು ಹಾಕಿ, ತುಟಿಗಳ ನಡುವೆ ರಟ್ಟಿನ ಕೊಳವೆ ಇಟ್ಟು, "ಎದೆ ತುಂಬಾ ಗಾಳಿ ತಗೊಂಡು ಒಂದೇ ಸಲ ಜೋರಾಗಿ ಊದಿ ಯಜಮಾನ್ರೇ" ಎಂದು ನಾನು ಹೇಳಿ ಮುಗಿಸುವಷ್ಟರಲ್ಲಿ ಅವರ ಕೆನ್ನೆಗಳು ಒಳಕ್ಕೆ ಹೋದವು, ಕಣ್ಣುಗಳು ಅರ್ಧ ಮುಚ್ಚಿದವು, ಎರಡು ಬೆರಳು ತಾವಾಗಿ ಬಂದು ಕೊಳವೆಯನ್ನು ಹಿಡಿದುಕೊಂಡವು. ಪರದೆಯ ಮೇಲೆ ಏರಬೇಕಿದ್ದ ಗೆರೆ ಇಳಿಯಿತು. ಬೀಡಿ ಸೇದುವವರಲ್ಲಿ ಇನ್ನೂ ಕೆಲವರು ಹೀಗೆ ಮಾಡಿದ್ದನ್ನು ನೋಡಿದ್ದೇನೆ. ಆದರೆ ಇವರು ಅಲ್ಲಿಗೆ ನಿಲ್ಲಲಿಲ್ಲ. ಕೊಳವೆಯನ್ನು ಬಾಯಿಂದ ತೆಗೆದು, ಕ್ಷಣ ಹೊತ್ತು ಉಸಿರು ಹಿಡಿದು, ಮುಖವನ್ನು ಒಂದು ಪಕ್ಕಕ್ಕೆ ತಿರುಗಿಸಿ, ನನ್ನ ಮೇಲೆ ಹೊಗೆ ಬಾರದಿರಲಿ ಎಂಬಂತೆ ಮರ್ಯಾದೆಯಿಂದ ಗಾಳಿ ಬಿಟ್ಟರು.

ಪಕ್ಕದ ಸ್ಟೂಲಿನಲ್ಲಿ ಕೂತಿದ್ದ ಅವರ ಹೆಂಡತಿ ಸೆರಗನ್ನು ಬಾಯಿಗೆ ಒತ್ತಿಕೊಂಡರು. "ನಲವತ್ತು ವರ್ಸದ ಕಸುಬು ಕಣಕ್ಕಾ, ನೀವು ಬ್ಯಾಡ ಅಂದೇಟ್ಗೆ ಎಲ್ಲೋದಾತು" ಎಂದರು.

ನಾನು ಬಂಗಾರಪೇಟೆಯ ಒಂದು ಆಸ್ಪತ್ರೆಯಲ್ಲಿ ಶ್ವಾಸಕೋಶದ ಪರೀಕ್ಷೆ ಮಾಡುವವಳು. ಬೆಳಿಗ್ಗೆ ಚಿನ್ನದ ಗಣಿ ಕಡೆಯ ಚಾಂಪಿಯನ್ ರೀಫ್ಸ್‌ನ ಮನೆಯಿಂದ ಹೊರಟು ರೈಲು ಹತ್ತಿ ಬಂದರೆ ಸಂಜೆಯವರೆಗೂ ಜನರನ್ನು ಊದಿಸುವುದೇ ಕೆಲಸ. ಮನೆಯಲ್ಲಿ ತಮಿಳು, ಆಸ್ಪತ್ರೆಯಲ್ಲಿ ಕನ್ನಡ, ಗಡಿಯಾಚೆಯಿಂದ ಬಂದವರ ಹತ್ತಿರ ತೆಲುಗು. ನನ್ನ ಪುಣ್ಯಕ್ಕೆ ಈ ಕೆಲಸದ ಮುಖ್ಯ ಮಾತು ಮೂರರಲ್ಲೂ ಒಂದೇ. ಊದು, ಊದು, ಊದು, ಬಿಡಬೇಡ, ಇನ್ನೂ, ಇನ್ನೂ. ಬಾಗಿಲಾಚೆ ಕೂತವರು ಒಳಗೆ ಹೆರಿಗೆ ಆಗುತ್ತಿದೆ ಎಂದುಕೊಂಡದ್ದೂ ಉಂಟು. ನನಗೆ ಗಂಟಲು ದೊಡ್ಡದು, ತಾಳ್ಮೆ ಸಣ್ಣದು.

ಇವರು ಕಾಮಸಮುದ್ರದ ಕಡೆಯ ಒಂದು ಹಳ್ಳಿಯ ಹಾಲಿನ ಡೇರಿಯ ಸೆಕ್ರೆಟರಿ. ಐವತ್ತೆಂಟು ವರ್ಷ. ಊರಿನಲ್ಲಿ ಇವರ ಹೆಸರು ಯಾರ ಬಾಯಲ್ಲೂ ಉಳಿದಿರಲಿಲ್ಲ. ಹೆಂಡತಿ ಕೂಡ ಬೇರೆಯವರ ಮುಂದೆ 'ಸೆಕ್ರೆಟ್ರಿ' ಎಂದೇ ಕರೆಯುತ್ತಿದ್ದರು. ಎರಡು ಹೊತ್ತೂ ಊರಿನವರ ಹಾಲು ಅಳೆಯುವುದು, ಲ್ಯಾಕ್ಟೋಮೀಟರ್ ಬಿಟ್ಟು ನೋಡುವುದು, ನೀರು ಬೆರೆಸಿದವರನ್ನು ಸಾಲಿನಲ್ಲೇ ನಿಲ್ಲಿಸಿ ಮಾನ ಕಳೆಯುವುದು ಇವರ ಕೆಲಸ. ಕೆಮ್ಮು, ಕಫ, ದಮ್ಮು ಎಂದು ಬಂದವರನ್ನು ನಮ್ಮ ಡಾಕ್ಟರು ಬಹುಕಾಲದ ಶ್ವಾಸನಾಳದ ಕಾಯಿಲೆ, ಅಂದರೆ ಸಿಒಪಿಡಿ ಇರಬಹುದೆಂದು ಅನುಮಾನಿಸಿ ನನ್ನ ಕೋಣೆಗೆ ಕಳಿಸಿದ್ದರು.

ನಾಲ್ಕನೆಯ ಪ್ರಯತ್ನಕ್ಕೆ ಊದಿದರು. ಒಂದು ಊದು ಸಾಲದು. ಒಂದಕ್ಕೊಂದು ಹತ್ತಿರವಿರುವ ಮೂರು ಬೇಕು, ಪ್ರತಿಯೊಂದೂ ಆರು ಸೆಕೆಂಡಾದರೂ ಮುಂದುವರಿಯಬೇಕು. ಆಮೇಲೆ ಶ್ವಾಸನಾಳ ಹಿಗ್ಗಿಸುವ ಔಷಧ ಕೊಟ್ಟು, ಕಾಲು ಗಂಟೆ ಕೂರಿಸಿ, ಮತ್ತೆ ಅದೇ ಹಾಡು. ಔಷಧದಿಂದ ಅಂಥ ವ್ಯತ್ಯಾಸವೇನೂ ಆಗಲಿಲ್ಲ. ಡಾಕ್ಟರ ಅನುಮಾನ ನಿಜವಾಗಿತ್ತು.

"ಎಷ್ಟ್ ಬಂತು" ಎಂದರು.

"ಮೊದಲನೇ ಸೆಕೆಂಡಿಗೆ ಒಂದೂಕಾಲು ಲೀಟರ್."

ಲೀಟರ್ ಎಂದ ಕೂಡಲೇ ಅವರು ನೆಟ್ಟಗೆ ಕೂತರು. "ಎಷ್ಟ್ ಬರ್ಬೇಕಿತ್ತು?"

"ನಿಮ್ಮ ಎತ್ತರಕ್ಕೆ, ವಯಸ್ಸಿಗೆ, ಮೂರರ ಹತ್ತಿರ."

"ಅಂಗಂದ್ರೆ ನಾನು ಬತ್ತೋದ ಅಸ" ಎಂದರು. ನಗಿಸಲು ಹೇಳಿದ ಮಾತೇ, ಆದರೆ ಹೇಳಿದ ಮೇಲೆ ಅವರು ನಗಲಿಲ್ಲ. ಆಮೇಲೆ ನಿಜ ಹೊರಬಂತು. ಡೇರಿ ಇರುವುದು ಊರ ಪಕ್ಕದ ದಿಬ್ಬದ ಮೇಲೆ. ಮನೆಯಿಂದ ಅಲ್ಲಿಗೆ ಹತ್ತುವಾಗ ಮೂರು ಕಡೆ ಮಂಡಿಯ ಮೇಲೆ ಕೈ ಊರಿ ನಿಲ್ಲಬೇಕಾಗಿತ್ತು. ಹಾಲು ತಂದವರು ಕಾಯುತ್ತಾರೆ, ಹಾಲು ಕಾಯುವುದಿಲ್ಲ. ಕಮಿಟಿಯವರು ಬೇರೆ ಯಾರನ್ನಾದರೂ ನೋಡೋಣ ಎಂದು ಮಾತಾಡಲು ಶುರು ಮಾಡಿದ್ದರು. "ಡೇರಿಗೆ ಓಗೋದು ನಿಂತೋದ್ರೆ ನಾನು ಬೆಳಿಗ್ಗೆ ಎದ್ದು ಏನ್ ಮಾಡ್ಲಿ ಮೇಡಂ. ಬೀದಿಲಿ ಓಗೋ ಬರೋರ್ನ ಎಣಿಸ್ತಾ ಕೂತಿರ್ಲಾ" ಎಂದರು.

ಡಾಕ್ಟರು ವಿಷಯ ಸ್ಪಷ್ಟವಾಗಿ ಹೇಳಿದರು. ಸೇದುತ್ತಲೇ ಹೋದರೆ ಇರುವ ಉಸಿರೂ ಬೇಗ ಬೇಗ ಇಳಿಯುತ್ತದೆ, ಆಮೇಲೆ ದಿಬ್ಬ ಹಾಗಿರಲಿ, ಬಚ್ಚಲುಮನೆಯೇ ದೂರವಾಗುತ್ತದೆ. ಎಲ್ಲಕ್ಕಿಂತ ಮೊದಲು ಬೀಡಿ ಬಿಡಬೇಕು. ಜೊತೆಗೆ ದಿನಾ ಎಳೆಯಲು ಪುಡಿ ಔಷಧದ ಇನ್ಹೇಲರ್ ಬರೆದುಕೊಟ್ಟರು.

ಇನ್ಹೇಲರ್ ಕಲಿಸುವುದು ನನಗೆ ತಲೆನೋವಿನ ಕೆಲಸ. ಹತ್ತು ಜನರಲ್ಲಿ ಎಂಟು ಜನ ಅದರೊಳಕ್ಕೆ ಊದಿ ಪುಡಿಯನ್ನೆಲ್ಲ ನನ್ನ ಸೀರೆಗೆ ಬಳಿಯುತ್ತಾರೆ. ಜೋರಾಗಿ ಎಳೆಯಬೇಕು, ಹತ್ತು ಎಣಿಸುವವರೆಗೆ ಉಸಿರು ಹಿಡಿಯಬೇಕು, ಮೆಲ್ಲಗೆ ಬಿಡಬೇಕು. ಸೆಕ್ರೆಟರಿಗೆ ಹೇಳಿಕೊಡಬೇಕಾಗಲೇ ಇಲ್ಲ. ಮೊದಲ ಸಲಕ್ಕೇ ಕರಾರುವಾಕ್ಕಾಗಿ ಎಳೆದು, ಹಿಡಿದು, ಬಿಟ್ಟರು. ನನ್ನ ಕೋಣೆಯಲ್ಲಿ ಅಷ್ಟು ಚೆನ್ನಾಗಿ ಎಳೆದವರನ್ನು ನಾನು ಕಂಡಿರಲಿಲ್ಲ. "ನೋಡಿದ್ಯಾ" ಎನ್ನುವಂತೆ ಹೆಂಡತಿಯ ಕಡೆ ತಿರುಗಿದರು.

ಆ ಖುಷಿಯಲ್ಲೇ ನಾನು ತಪ್ಪು ಮಾಡಿದೆ. ಮನುಷ್ಯ ಒಳ್ಳೆಯವನು, ಹೆಂಡತಿ ಇನ್ನೂ ಒಳ್ಳೆಯವಳು, ಹೇಗಾದರೂ ಬೀಡಿ ಬಿಡಿಸಿಬಿಡಬೇಕು ಎನ್ನುವ ಆಸೆಗೆ, "ಮೂರು ತಿಂಗಳು ಮುಟ್ಟಬೇಡಿ ಸಾಕು. ಇದೇ ಕುರ್ಚಿಯಲ್ಲಿ ಕೂತು ಎರಡು ಲೀಟರ್ ಊದ್ತೀರಿ, ನಾನು ಬರೆದುಕೊಡ್ತೀನಿ" ಎಂದುಬಿಟ್ಟೆ. ಅವರು ಬಾಗಿಲ ಹತ್ತಿರ ನಿಂತು ಜೇಬಿನಿಂದ ಬೀಡಿ ಕಟ್ಟು ತೆಗೆದು ನನ್ನ ಕಸದ ಬುಟ್ಟಿಗೆ ಹಾಕಿದರು. ನನಗೆ ಕಣ್ಣು ತುಂಬಿ ಬಂತು. ನಾಚಿಕೆಯಾಗಬೇಕಿತ್ತು, ಆದರೆ ಅದು ಬಂದದ್ದು ಆಮೇಲೆ.

ಮೂರು ವಾರಕ್ಕೆ ಗಂಡಹೆಂಡತಿ ಮತ್ತೆ ಬಂದರು. ಇಬ್ಬರ ಮುಖವೂ ಗಂಟಿಕ್ಕಿತ್ತು.

"ಬಿಟ್ ಮ್ಯಾಲೆ ಕೆಮ್ಮು ಜಾಸ್ತಿ ಆಗದೆ ಮೇಡಂ. ಕಫ ಕಿತ್ಕೊಂಡು ಕಿತ್ಕೊಂಡು ಬತ್ತದೆ. ಡೇರಿ ತಾವ ಎಲ್ರೂ ಅದೇ ಮಾತು. ಬೆಳಿಗ್ಗೆ ಒಂದು ಬೀಡಿ ಬಿದ್ರೇನೇ ಎದೆ ಸರಿಯಾಗೋದು, ಬಿಟ್ಟಿದ್ದಕ್ಕೇ ಇಂಗಾಗಿರೋದು ಅಂತ." ಎಂದರು ಸೆಕ್ರೆಟರಿ.

ಮಿಕ್ಕದ್ದನ್ನು ಹೆಂಡತಿ ಹೇಳಿದರು. "ಮೊನ್ನೆಯಿಂದ ದಿನಕ್ಕೆರಡು ಸೇದ್ತಾವ್ರೆ. ಕೆಮ್ಮೂ ನಿಂತದೆ. ಅದೇ ಈವಯ್ಯಂಗೆ ಸಾಕ್ಸಿ ಆಗೋಗದೆ."

ನನಗೆ ಕೋಪ ನೆತ್ತಿಗೇರಿತು. ಆದರೆ ಕೋಪಕ್ಕೂ ಒಂದು ಕ್ರಮವಿದೆ. ಕೆಮ್ಮು ಹೆಚ್ಚಾಯಿತು ಎಂದ ತಕ್ಷಣ ಬೀಡಿ ಬಿಟ್ಟದ್ದಕ್ಕೇ ಎಂದು ತೀರ್ಮಾನಿಸುವ ಹಾಗಿಲ್ಲ. ಕಫದ ಪರೀಕ್ಷೆ, ಎಕ್ಸ್‌ರೇ ಎರಡೂ ಆದವು. ಕ್ಷಯವಿಲ್ಲ, ನಿಮೋನಿಯಾ ಇಲ್ಲ, ಜ್ವರವಿಲ್ಲ. ಆಮೇಲೆ ಅವರನ್ನು ಕೂರಿಸಿಕೊಂಡು ಒಂದು ಹಾಳೆಯ ಹಿಂಬದಿಯಲ್ಲಿ ಚಿತ್ರ ಬರೆದೆ. ಶ್ವಾಸನಾಳದ ಒಳಗೋಡೆಯಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ರೋಮಗಳಿರುತ್ತವೆ. ಕಫವನ್ನು ಮೇಲಕ್ಕೆ ತಳ್ಳಿ ಹೊರಗೆ ಹಾಕುವುದು ಅವುಗಳ ಕೆಲಸ. ಹೊಗೆ ಅವುಗಳಿಗೆ ಜೋಮು ಹಿಡಿಸುತ್ತದೆ. ಹೊಗೆ ನಿಂತ ಮೇಲೆ ಅವು ಎದ್ದು ಕೆಲಸ ಶುರು ಮಾಡುತ್ತವೆ, ಆಗ ಕೆಲವರಿಗೆ ಕೆಲವು ವಾರ ಕೆಮ್ಮು, ಕಫ ಎರಡೂ ಹೆಚ್ಚುತ್ತವೆ. ಮತ್ತೆ ಸೇದಿದರೆ ಅವು ಮತ್ತೆ ಮಲಗುತ್ತವೆ. ಕೆಮ್ಮು ನಿಂತ ಹಾಗೆ ಕಾಣುತ್ತದೆ, ಕಫ ಒಳಗೇ ಉಳಿಯುತ್ತದೆ.

ಹೆಂಡತಿ ಚಿತ್ರವನ್ನು ತಿರುಗಿಸಿ ತಿರುಗಿಸಿ ನೋಡಿದರು. "ಕೊಟ್ಗೆ ಗುಡಿಸೋರು ಇಷ್ಟ್ ದಿನ ಮಲ್ಗಿದ್ರು, ಈಗೆದ್ದು ಅಳೇ ಸಗಣಿ ಬಾಚ್ತಾವ್ರೆ ಅನ್ನಿ. ವಾಸ್ನೆ ಬತ್ತದೆ ಅಂತ ಈವಯ್ಯ ಅವ್ರನ್ನ ಬಡ್ದು ಮತ್ತೆ ಮಲ್ಗಿಸವ್ರೆ."

ನಾನು ಆ ಹಾಳೆಯನ್ನು ಇಟ್ಟುಕೊಂಡೆ. ಇಂದಿಗೂ ಬೇರೆ ರೋಗಿಗಳಿಗೆ ಈ ಮಾತನ್ನು ನನ್ನದೇ ಎಂಬಂತೆ ಹೇಳುತ್ತೇನೆ.

ಸೆಕ್ರೆಟರಿ ಆ ದಿನದಿಂದ ಮತ್ತೆ ಬಿಟ್ಟರು. ಈ ಸಲ ಬಿಡುವುದು ಕಷ್ಟವಾಯಿತಂತೆ. ಹಾಲು ಅಳೆದಾದ ಮೇಲೆ ಡೇರಿಯ ಜಗಲಿಯಲ್ಲಿ ಎಲ್ಲರೂ ಒಬ್ಬರ ಬೀಡಿಯಿಂದ ಒಬ್ಬರು ಕಿಡಿ ತಗೊಂಡು ಕೂರುವುದು ಅಲ್ಲಿಯ ಪದ್ಧತಿ. ಅಲ್ಲಿ ಬೀಡಿ ಬೇಡ ಎನ್ನುವುದೆಂದರೆ ಮಾತೇ ಬೇಡ ಎಂದ ಹಾಗೆ. ಅವರು ಜಗಲಿ ಬಿಟ್ಟು ಒಳಗೆ ಹೋಗಿ ಕ್ಯಾನುಗಳನ್ನು ಎಣಿಸತೊಡಗಿದರು, ಎಣಿಸಿದ್ದನ್ನೇ ಮತ್ತೆ ಮತ್ತೆ ಎಣಿಸಿದರು. ಆರು ವಾರ ಕಳೆಯುವ ಹೊತ್ತಿಗೆ ಬೆಳಗಿನ ಕೆಮ್ಮು ತಗ್ಗಿತು, ಕಫ ಬೆಳ್ಳಗಾಗಿ ಕಡಿಮೆಯಾಯಿತು. ಇದನ್ನೆಲ್ಲ ಅವರ ಹೆಂಡತಿ ನನಗೆ ಫೋನು ಮಾಡಿ ಒಪ್ಪಿಸುತ್ತಿದ್ದರು. ನಾನು ಹಿಗ್ಗಿ ಊರೆಲ್ಲ ಹೇಳಿಕೊಂಡು ತಿರುಗಿದೆ.

ಮೂರು ತಿಂಗಳಾಯಿತು. ಅವರು ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಂದರು, ಪರೀಕ್ಷೆಗೆ ಬಂದ ಹಾಗಲ್ಲ, ಬಹುಮಾನ ಇಸಿದುಕೊಳ್ಳಲು ಬಂದ ಹಾಗೆ. ಕುರ್ಚಿಯಲ್ಲಿ ನೆಟ್ಟಗೆ ಕೂತು, ಕ್ಲಿಪ್ಪನ್ನು ತಾವೇ ಮೂಗಿಗೆ ಹಾಕಿಕೊಂಡು ಊದಿದರು. ನಾನು ಗಂಟಲು ಹರಿಯುವಂತೆ ಕೂಗಿದೆ. ಮೂರು ಸಲ, ಔಷಧ ಕೊಟ್ಟು ಮತ್ತೆ ಮೂರು ಸಲ.

ಒಂದೂಕಾಲು. ಅದರ ಮೇಲೆ ಒಂದು ಚಮಚೆಯಷ್ಟು ಇತ್ತೇನೋ.

ಅವರು ಪರದೆ ನೋಡಿದರು, ನನ್ನನ್ನು ನೋಡಿದರು. "ನಿಮ್ ಮಿಷಿನ್ ಅಳ್ತೆ ಸರಿಗದಾ?"

ಬೇರೆ ಯಾರಾದರೂ ಕೇಳಿದ್ದರೆ ರೇಗುತ್ತಿದ್ದೆ. ದಿನವೂ ಅಳತೆಯಲ್ಲೇ ಬದುಕುವವರು ಕೇಳಿದ್ದಕ್ಕೆ ಉತ್ತರ ಕೊಡಲೇಬೇಕು. ಪ್ರತಿದಿನ ಬೆಳಿಗ್ಗೆ ಯಂತ್ರವನ್ನು ಪರೀಕ್ಷಿಸಲು ನಮ್ಮ ಹತ್ತಿರ ಮೂರು ಲೀಟರಿನ ಒಂದು ದೊಡ್ಡ ಸಿರಿಂಜ್ ಇದೆ. ಅದನ್ನು ತೆಗೆದು ಯಂತ್ರಕ್ಕೆ ಜೋಡಿಸಿ ಅವರ ಕೈಗೇ ಕೊಟ್ಟೆ. ಅವರು ಪೂರ್ತಿ ಹಿಂದಕ್ಕೆ ಎಳೆದು ಒಂದೇ ಸಮನೆ ತಳ್ಳಿದರು. ಪರದೆ ಮೂರು ತೋರಿಸಿತು. ಇನ್ನೊಮ್ಮೆ ತಳ್ಳಿದರು. ಮೂರೇ.

"ಮಿಷಿನ್ ಸರಿಗದೆ" ಎಂದರು. "ಅಂಗಾರೆ ಬಿಟ್ಟಿದ್ದೇ ದಂಡ. ಸಾಯಂಕಾಲ ಜಗಲಿ ಮ್ಯಾಲೆ ಕುಂತು ನೆಮ್ಮದಿಯಾಗಿ ಒಂದು ಸೇದ್ತೀನಿ."

ಸಿಟ್ಟಿನಿಂದ ಹೇಳಿದ್ದರೆ ನಾನೂ ಸಿಟ್ಟಿನಿಂದ ಹೇಳುತ್ತಿದ್ದೆ. ಅವರು ಹೇಳಿದ್ದು ತೀರಾ ಸಮಾಧಾನದಿಂದ. "ಐದು ನಿಮಿಷ ಕೂತಿರಿ" ಎಂದು ಡಾಕ್ಟರ ಕೋಣೆಗೆ ಓಡಿದೆ. ಡಾಕ್ಟರು ನನಗಿಂತ ಹದಿನೈದು ವರ್ಷ ಚಿಕ್ಕವರು. ಎರಡು ಲೀಟರಿನ ಮಾತನ್ನು ಕೇಳಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಮೇಡಂ, ಈ ಕಾಯಿಲೆಯಲ್ಲಿ ಹಾಳಾದ ಭಾಗ ವಾಪಸ್ ಬರಲ್ಲ, ಬಿಟ್ಟ ಮೇಲೂ ಒಳಗೆ ಬಾವು ಸ್ವಲ್ಪ ಉಳಿದೇ ಇರುತ್ತೆ. ಬಿಟ್ಟರೆ ಇಳಿಯೋದು ನಿಧಾನ ಆಗುತ್ತೆ, ಕೆಮ್ಮು ಕಫ ಕಮ್ಮಿ ಆಗುತ್ತೆ, ಪದೇ ಪದೇ ಉಲ್ಬಣ ಆಗೋದು ಕಮ್ಮಿ ಆಗುತ್ತೆ. ಸಂಖ್ಯೆ ಅಲ್ಲೇ ನಿಂತಿದೆ ಅಂದರೆ ಗೆದ್ದಿದ್ದೇವೆ ಅಂತ ಅರ್ಥ. ಇದು ನಿಮಗೆ ಗೊತ್ತಿಲ್ಲದ್ದೇನಲ್ಲ."

"ಗೊತ್ತಿತ್ತು ಸರ್."

"ಹಾಗಾದರೆ ಹೋಗಿ ನೀವೇ ಹೇಳಿ. ನಾನು ಹೇಳಿದರೆ ನಂಬಬಹುದು, ನಿಮ್ಮನ್ನ ಮಾತ್ರ ಮುಂದೆ ನಂಬಲ್ಲ."

ನನ್ನ ಕೋಣೆಗೂ ಅವರ ಕೋಣೆಗೂ ಇಪ್ಪತ್ತು ಹೆಜ್ಜೆ. ಆ ದಿನ ಅದು ತುಂಬಾ ಉದ್ದವಾಗಿತ್ತು. ಸರಿಯಾಗಿ ಊದಲಿಲ್ಲ ಎಂದು ಬೇಕಾದರೆ ಅವರ ಮೇಲೇ ತಪ್ಪು ಹೊರಿಸಬಹುದಿತ್ತು, ಇನ್ನೂ ಮೂರು ತಿಂಗಳು ಕಾಯಿರಿ ಎಂದು ದಿನ ದೂಡಬಹುದಿತ್ತು. ಎರಡೂ ಬೇಡ ಎಂದುಕೊಂಡೆ. ಸ್ಟೂಲು ಎಳೆದುಕೊಂಡು ಅವರ ಎದುರಿಗೆ ಕೂತು, "ಎರಡು ಲೀಟರ್ ಅಂತ ನಾನು ಹೇಳಿದ್ದು ಸುಳ್ಳು. ನೀವು ಬೀಡಿ ಬಿಡಲಿ ಅನ್ನೋ ಆಸೆಗೆ ಹೇಳಿದೆ" ಎಂದೆ.

 "ಅಂದ್ರೆ ನೀವೂ ನೀರ್ ಬೆರ್ಸೋರೇ" ಎಂದರು.

ನಾನು ತಲೆ ತಗ್ಗಿಸಿದೆ. ನೀರು ಬೆರೆಸಿದವರ ಸಾಲಿನಲ್ಲಿ ನಿಂತದ್ದು ನನಗೆ ಅದೇ ಮೊದಲು. ಆಮೇಲೆ ಡಾಕ್ಟರು ಹೇಳಿದ್ದನ್ನೆಲ್ಲ ಒಂದಕ್ಷರ ಸಿಹಿ ಸೇರಿಸದೆ ಹೇಳಿದೆ. ಹೋದದ್ದು ಬರುವುದಿಲ್ಲ, ಉಳಿದದ್ದನ್ನು ಕಾಪಾಡಬಹುದು, ಅದಕ್ಕೆ ಬೀಡಿ ಬಿಡುವುದಕ್ಕಿಂತ ದೊಡ್ಡ ಔಷಧ ನಮ್ಮ ಹತ್ತಿರ ಇಲ್ಲ.

ಹೆಂಡತಿ ಬಾಯಿ ತೆರೆಯುವ ಮೊದಲೇ ಅವರು ಕೈ ಎತ್ತಿ ತಡೆದರು. ಏನನ್ನೋ ಲೆಕ್ಕ ಹಾಕುವಂತಿತ್ತು. "ಕೆಚ್ಲು ಬಾವು ಬಂದ ಅಸ ಇದ್ದಂಗೆ" ಎಂದರು. "ಒಂದು ಮೊಲೆ ಬತ್ತೋದ್ರೆ ಓತು, ಅದ್ರಲ್ಲಿ ತಿರ್ಗಾ ಆಲು ಬರಾಕಿಲ್ಲ. ಒತ್ತಿಗೆ ಸರ್ಯಾಗಿ ಔಸ್ದಿ ಮಾಡುಸ್ದ್ರೆ ಮಿಕ್ಕ ಮೂರು ಉಳೀತವೆ. ಆ ಅಸ ಇನ್ನೂ ನಾಕು ಕರ ಆಕ್ತದೆ. ಇದ್ನೇ ಅವತ್ತೇ ಏಳಿದ್ರೆ ನಂಗ್ ಅರ್ತ ಆಗ್ತಿರ್ಲಿಲ್ವಾ?"

ನಿಜ, ಅರ್ಥವಾಗುತ್ತಿತ್ತು. ಅವರಿಗೆ ಸತ್ಯ ತಡೆಯುವ ಶಕ್ತಿ ಇರಲಿಕ್ಕಿಲ್ಲ ಎಂದು ತೀರ್ಮಾನಿಸಿದವಳು ನಾನು.

ಆದರೂ ಅವರಿಗೆ ಒಂದು ಅಳತೆ ಬೇಕಾಗಿತ್ತು. ಸುಮ್ಮನೆ ನಂಬು ಎಂದರೆ ನಂಬುವ ಜಾತಿಯಲ್ಲ. ಆರು ನಿಮಿಷದ ನಡಿಗೆ ಪರೀಕ್ಷೆ ಎಂಬುದೊಂದಿದೆ, ಆದರೆ ಅದಕ್ಕೆ ಮೂವತ್ತು ಮೀಟರ್ ನೇರ ಜಾಗ ಬೇಕು. ನಮ್ಮ ಕಾರಿಡಾರಿನಲ್ಲಿ ಔಷಧಿ ಸಾಲು, ಊಟದ ಬುತ್ತಿ, ಮಲಗಿದ ಮಕ್ಕಳು. ಅದಲ್ಲದೆ ಅವರಿಗೆ ಬೇಕಾಗಿದ್ದು ಕಾರಿಡಾರ್ ಅಲ್ಲ. ನಾನು ಕೇಳಿದೆ, "ದಿಬ್ಬ ಹತ್ತುವಾಗ ಈಗ ಎಷ್ಟು ಕಡೆ ನಿಲ್ತೀರಿ?"

"ಗ್ಯಾನ ಇಟ್ಟು ನೋಡಿಲ್ಲ. ಎಂಡ್ರ ಮುಂದೆ ಕ್ಯಾನ್ ಇಡ್ಕಂಡು ನಡ್ಯೋ ದೌಲತ್ತಲ್ಲಿ ಇರ್ತೀನಿ."

"ಒಂದು ತಿಂಗಳು ಬೀಡಿ ಮುಟ್ಟಬೇಡಿ. ದಿನಾ ಬೆಳಿಗ್ಗೆ ಇನ್ಹೇಲರ್ ಎಳೀರಿ, ದಿನಾ ನಡೀರಿ. ನಾನೇ ಬಂದು ಎಣಿಸ್ತೀನಿ."

ಡಾಕ್ಟರು ಒಪ್ಪಿದರು. ಮುಂದಿನ ತಿಂಗಳ ಒಂದು ಭಾನುವಾರ ಮಧ್ಯಾಹ್ನ ಆಕ್ಸಿಮೀಟರ್, ಸ್ಟಾಪ್‌ವಾಚ್, ನಡಿಗೆ ಪರೀಕ್ಷೆಯ ಫಾರಂ, ಪಕ್ಕದಲ್ಲಿಟ್ಟುಕೊಳ್ಳಬೇಕಾದ ತುರ್ತು ಔಷಧ ಎಲ್ಲವನ್ನೂ ಚೀಲಕ್ಕೆ ತುಂಬಿ ಕಾಮಸಮುದ್ರದ ಬಸ್ಸು ಹಿಡಿದೆ. ಹೆಂಡತಿ ರಾಗಿ ಮುದ್ದೆ, ಬಸ್ಸಾರು ಬಡಿಸಿದರು. ಬೇಡವೆಂದರೂ ಎರಡನೆಯ ಮುದ್ದೆ ಬಿತ್ತು. ಅದಕ್ಕೆ ನಾನು ಜವಾಬ್ದಾರಳಲ್ಲ.

ಸಂಜೆ ಹಾಲಿನ ಹೊತ್ತಿಗೆ ಹೊರಗೆ ಬಂದರೆ ದಿಬ್ಬದ ಮೇಲೆ ಆಗಲೇ ಜನ. ಕ್ಯಾನು ಹಿಡಿದವರೆಲ್ಲ ಜಗಲಿಯ ಅಂಚಿಗೆ ಬಂದು ಕೆಳಗೆ ನೋಡುತ್ತಿದ್ದರು. ಸೆಕ್ರೆಟರಿಯ ಹಳೆಯ ಜೊತೆಗಾರರೊಬ್ಬರು ಮೇಲಿನಿಂದಲೇ ಕೂಗಿದರು. "ಲೇ, ಮೊದ್ಲಿನಂಗೆ ನಡು ದಾರೀಲಿ ನಿಂತ್ಯೋ, ನಾನೇ ಬೀಡಿ ಅಚ್ಚಿ ಕೊಡ್ತೀನಿ ಕಣ್ಲಾ." ಅವರ ಕೈಯಲ್ಲಿ ಬೀಡಿ ಕಟ್ಟು, ಕಿವಿಯ ಮೇಲೊಂದು ಬೀಡಿ.

"ನಿಂತ್ರೆ ಸೇದ್ತೀನಿ, ತಗಳ್ಲಾ" ಎಂದು ಇವರೂ ಕೂಗಿಬಿಟ್ಟರು. ನನಗೆ ತಲೆ ಚಚ್ಚಿಕೊಳ್ಳುವಂತಾಯಿತು. ನಾಲ್ಕು ತಿಂಗಳ ಕೆಲಸವನ್ನು ಒಂದೇ ಮಾತಿಗೆ ಪಣಕ್ಕಿಟ್ಟಿದ್ದರು.

ನಡಿಗೆ ಪರೀಕ್ಷೆಯಲ್ಲಿ ರೋಗಿಯ ಪಕ್ಕದಲ್ಲಿ ನಡೆಯಬಾರದು, ನಮ್ಮ ವೇಗ ಅವರಿಗೆ ಅಂಟುತ್ತದೆ. ಅಗತ್ಯವಿದ್ದರೆ ಹಿಂದೆ ನಡೆಯಬೇಕು, ಹುರಿದುಂಬಿಸುವ ಮಾತೂ ಅಳತೆಯಲ್ಲೇ ಇರಬೇಕು. ಬೆರಳಿಗೆ ಆಕ್ಸಿಮೀಟರ್ ಹಾಕಿ ಆಮ್ಲಜನಕ ನೂರಕ್ಕೆ ತೊಂಬತ್ತೈದು ಎಂದು ಬರೆದುಕೊಂಡೆ. ಗಡಿಯಾರ ಒತ್ತಿದೆ. ಅವರು ಖಾಲಿ ಕ್ಯಾನು ಹಿಡಿದು ಹೊರಟರು, ನಾನು ಚೀಲ ಹೊತ್ತು ಹಿಂದೆ.

ಮೊದಲಿಗೆ ನಿಲ್ಲುತ್ತಿದ್ದ ಜಾಗ ನೀರಿನ ತೊಟ್ಟಿ. ಅದನ್ನು ದಾಟಿದರು. ತುಟಿ ಮುಂದೆ ಮಾಡಿ ಮೆಲ್ಲಗೆ ಉಸಿರು ಬಿಡುವುದನ್ನು ಕಲಿಸಿದ್ದೆ, ಹಾಗೇ ಬಿಡುತ್ತಿದ್ದರು. ಎರಡನೆಯದು ಒಂದು ಹಾಸುಗಲ್ಲು. ಅದರ ಮೇಲೆ ಕೂತಿದ್ದ ಮುದುಕಿಯನ್ನು ಮಾತಾಡಿಸಿಕೊಂಡು, ಎಮ್ಮೆಗೆ ಹಿಂಡಿ ಜಾಸ್ತಿ ಹಾಕು ಎಂದು ಬೈದು, ಹೆಜ್ಜೆ ತಪ್ಪಿಸದೆ ಮುಂದೆ ಹೋದರು. ನಡೆಯುತ್ತಾ ಬೈಯುವಷ್ಟು ಉಸಿರು ಉಳಿದಿತ್ತು. ಇದರಲ್ಲಿ ಬೀಡಿ ಬಿಟ್ಟದ್ದರ ಪಾಲೆಷ್ಟು, ಔಷಧದ್ದೆಷ್ಟು, ದಿನಾ ನಡೆದದ್ದೆಷ್ಟು ಎಂದು ಬೇರೆ ಮಾಡಿ ತೋರಿಸುವ ಯಂತ್ರ ನನ್ನ ಹತ್ತಿರ ಇಲ್ಲ. ಹೊಗೆ ನಿಲ್ಲದಿದ್ದರೆ ಮಿಕ್ಕ ಎರಡರಿಂದ ಇಷ್ಟಾಗುತ್ತಿರಲಿಲ್ಲ ಎನ್ನುವುದನ್ನು ಮಾತ್ರ ಧೈರ್ಯವಾಗಿ ಹೇಳಬಲ್ಲೆ. ಹಿಂದಿನಿಂದ ನೋಡುತ್ತಾ ನನಗೆ ಕುಣಿಯುವಷ್ಟು ಸಂತೋಷವಾಗಿತ್ತು.

ಕೊನೆಯ ಜಾಗ ಹೊಂಗೆಮರ. ಅಲ್ಲಿಂದ ಮೇಲಕ್ಕೆ ಏರು ಕಡಿದು. ಅವರು ಮರದ ಹತ್ತಿರ ಹೋದರು, ಹೆಜ್ಜೆ ನಿಧಾನ ಮಾಡಿದರು, ನಿಂತುಬಿಟ್ಟರು.

ಮೇಲೆ ಹೋ ಎಂದು ಕೂಗು ಎದ್ದಿತು. ಜೊತೆಗಾರರು ಕಿವಿಯ ಮೇಲಿನ ಬೀಡಿ ತೆಗೆದು ಎತ್ತಿ ತೋರಿಸಿದರು.  ಹೇಗೋ ಮರದವರೆಗೆ ಹೋಗಿ, ಕಾಂಡಕ್ಕೆ ಕೈ ಕೊಟ್ಟು, ಫಾರಂ ತೆಗೆದು 'ನಿಲುಗಡೆ: ಒಂದು' ಎಂದು ಬರೆದೆ.  ಅವರ ಬೆರಳಿಗೆ ಆಕ್ಸಿಮೀಟರ್ ಹಾಕಿದೆ. ತೊಂಬತ್ತಮೂರು. ಕೆಟ್ಟದ್ದೇನಲ್ಲ.

"ಯಾಕೆ... ನಿಂತ್ರಿ" ಎಂದೆ. "ದಮ್ಮು... ಎಷ್ಟಿದೆ... ಹತ್ತಕ್ಕೆ ಎಷ್ಟು ಅಂತ... ಹೇಳಿ."

ಅವರು ಕ್ಯಾನನ್ನು ಈ ಕೈಯಿಂದ ಆ ಕೈಗೆ ಬದಲಾಯಿಸಿಕೊಂಡು ನನ್ನನ್ನು ಕನಿಕರದಿಂದ ನೋಡಿದರು.

"ನಂಗೇನಾಗಿಲ್ಲ ಮೇಡಂ. ಇಂದ್ಗಡೆಯಿಂದ ನಿಮ್ ಉಸ್ರಿನ ಬುಸಬುಸ ಕೇಳಿ ತಡ್ಯಾಕ್ ಆಗ್ಲಿಲ್ಲ. ನೀವು ಬೀಳ್ತೀರೇನೋ ಅಂತ ನಿಂತ್ಕಂಡೆ."

ಫಾರಮಿನಲ್ಲಿ ನಿಂತ ಕಾರಣಕ್ಕೆ ಮೂರು ಚೌಕಗಳಿವೆ: ಉಸಿರುಕಟ್ಟುವಿಕೆ, ಕಾಲುನೋವು, ಎದೆನೋವು. ನಾನು ಉಸಿರುಕಟ್ಟುವಿಕೆಯ ಮುಂದೆ ಗುರುತು ಹಾಕಿ, ಪಕ್ಕದಲ್ಲಿ ಎಲ್ಲರಿಗೂ ಓದಲು ಬರುವಂತೆ ದೊಡ್ಡದಾಗಿ 'ಪರೀಕ್ಷೆ ಮಾಡುವವರಿಗೆ' ಎಂದು ಬರೆದೆ. ಅಷ್ಟರಲ್ಲಿ ಸೆಕ್ರೆಟರಿ ಮೇಲಕ್ಕೆ ಮುಖ ಮಾಡಿ, ಬೀಡಿ ಆರಿಸು ಕಣ್ಲಾ, ಕ್ಯಾನ್ ಇಳಿಸ್ರೋ, ಅಳ್ತೆಗೆ ಒತ್ತಾತು ಎಂದು ಒಂದೇ ಉಸಿರಿನಲ್ಲಿ ಕೂಗುತ್ತಾ ಏರು ಹತ್ತಿ ಹೋಗಿದ್ದರು.